ವಾಚ್ ಎಲ್ಲಾ ಸರಿ ಅನ್ನುತ್ತದೆ, ಕಾಲು ಏಳುತ್ತಿಲ್ಲ: ನವೆಂಬರ್ ಗೋವಾ ರೇಸ್‌ಗೆ ಮಳೆಗಾಲದ ತಯಾರಿ ಹೇಗೆ?

ತೋಟಪೆಡಲ್, ಸುಂಟಿಕೊಪ್ಪ ಕಡೆ

ಎಲ್ಲರಿಗೂ ನಮಸ್ಕಾರ. ನನಗೆ 34. ಕಂಪ್ಯೂಟರ್ ಕೆಲಸ, ಮನೆಯಿಂದಲೇ. ಅಂದರೆ ಕರೆಂಟ್, ನೆಟ್‌ವರ್ಕ್ ಎರಡೂ ಒಟ್ಟಿಗೆ ಇದ್ದಾಗ. ನವೆಂಬರ್‌ನಲ್ಲಿ ಗೋವಾದ ಐರನ್‌ಮ್ಯಾನ್ 70.3ಗೆ ಹೆಸರು ಕೊಟ್ಟಿದ್ದೇನೆ. 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. ಹಿಂದೆ ಒಲಿಂಪಿಕ್ ದೂರದ್ದು, 1.5-40-10, ಮಾಡಿದ್ದೆ. ಅದು ಹೇಗೋ ಮುಗಿಯಿತು. ಇದು ಹಾಗೆ ಮುಗಿಯುವ ಜಾತಿ ಅಲ್ಲ ಅಂತ ಈಗ ಗೊತ್ತಾಗುತ್ತಿದೆ.

ಪ್ಲಾನ್ ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ತಗೊಂಡದ್ದು. ಸೋಮವಾರ ಸ್ಪೀಡ್ ಓಟ, ಮಂಗಳವಾರ ಗುರುವಾರ ಸೈಕಲ್, ಬುಧವಾರ ಶುಕ್ರವಾರ ಈಜು, ಶನಿವಾರ ರೆಸ್ಟ್, ಭಾನುವಾರ ಉದ್ದ ಸೈಕಲ್, ಇಳಿದ ಕೂಡಲೇ ಸಣ್ಣ ಓಟ. ಈಜು ಈಗ ಹೆಚ್ಚು ಕಡಿಮೆ ನಿಂತೇ ಹೋಗಿದೆ. ಸೈಕಲ್ ಅರ್ಧ ರಸ್ತೆ, ಅರ್ಧ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ.

ಸಮಸ್ಯೆ ಏನೆಂದರೆ, ಜುಲೈ ಮಧ್ಯದಿಂದ ಕಾಲಿನಲ್ಲಿ ಜೀವವೇ ಇಲ್ಲ. ಬೆಳಿಗ್ಗೆ ಏಳುವಾಗ ನಾಡಿ 52 ಇರುತ್ತಿತ್ತು, ಈಗ 60. ಆರಾಮ ಓಟದಲ್ಲೂ ಏದುಸಿರು. ಬಲಗಾಲಿನ ಮೀನಖಂಡ ಹಿಡಿದುಕೊಂಡಿದೆ, ಬಿಸಿಯಾದ ಮೇಲೆ ಸ್ವಲ್ಪ ಬಿಡುತ್ತದೆ. ಆದರೆ ವಾಚ್ ಮಾತ್ರ 'ಲೋಡ್ ಕಡಿಮೆ, ಇನ್ನೂ ಮಾಡಬಹುದು' ಅಂತ ದಿನಾ ಬೆಳಿಗ್ಗೆ ಹುರಿದುಂಬಿಸುತ್ತದೆ. ಯಾರನ್ನು ನಂಬಲಿ?

ಇನ್ನೊಂದು. ಈಜಿಗೆ ಏನು ಮಾಡುತ್ತೀರಿ? ನಮ್ಮ ತೋಟದ ಕೆರೆ ತುಂಬಿ ಕೋಡಿ ಹರಿಯುತ್ತಿದೆ. ಅದರಲ್ಲೇ ಇಳಿಯಬಹುದಾ?

ಹೇಳಲು ಮರೆತೆ, ಶನಿವಾರ ಅಪ್ಪನ ಜೊತೆ ತೋಟಕ್ಕೆ ಹೋಗುತ್ತೇನೆ. ಈ ವರ್ಷ ಆಳು ಸಿಗುತ್ತಿಲ್ಲ. ಗೊಬ್ಬರ, ಕಳೆ ಮಿಷನ್, ಹೀಗೆ ಏನಾದರೂ ಇರುತ್ತದೆ. ಕೆಸರು ಅಂತ ವಾಚ್ ಬಿಚ್ಚಿಟ್ಟು ಹೋಗುತ್ತೇನೆ. ಅದು ವ್ಯಾಯಾಮಕ್ಕೆ ಬರಲ್ಲ ಅಲ್ವಾ.

ಸ್ಟಿಕ್‌ವರ್ಕ್, ಪೊನ್ನಂಪೇಟೆ

ಅಣ್ಣ, ಸುಮ್ನೆ ಹಾಕಿ ಆಡಬಹುದಿತ್ತು. ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತಿತ್ತು, ಮೇಲೆ ಊಟವೂ ಸಿಗುತ್ತಿತ್ತು. 1997ರಲ್ಲಿ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಯಾರೂ ಈಜಿ, ಸೈಕಲ್ ತುಳಿದು, ಆಮೇಲೆ ಓಡಿ ಸಾಯಬೇಕು ಅಂತ ಯೋಚಿಸಿದ್ದಿಲ್ಲ.

ತಮಾಷೆ ಬಿಟ್ಟು ಹೇಳುತ್ತೇನೆ. ಹೊಳೆಗೆ ಮಾತ್ರ ಇಳಿಯಬೇಡಿ. ದುಬಾರೆ, ನಿಸರ್ಗಧಾಮದ ಕಡೆ ಕಾವೇರಿ ಈಗ ಕೆಂಪಗೆ ಹರಿಯುತ್ತಿದೆ. ಮೇಲೆ ಭಾಗಮಂಡಲದಲ್ಲಿ ಜೋರು ಮಳೆ ಬಿದ್ದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ. ಹಾರಂಗಿ ಜಲಾಶಯವೂ ಬೇಡ. ಕೆರೆ ವಿಷಯ ತಿಳಿದವರು ಹೇಳಲಿ.

ಅಮ್ಮತ್ತಿಯವಳು

ತೋಟಪೆಡಲ್ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ, ಕೊನೆಯ ಪ್ಯಾರಾದಲ್ಲಿ. ಪ್ಲಾನ್ ರೆಸ್ಟ್ ಅಂದ ದಿನ ನೀವು ಗೊಬ್ಬರ ಹೊರುತ್ತಿದ್ದೀರಿ. ಅದೂ ವಾಚ್ ಬಿಚ್ಚಿಟ್ಟು! ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು?

ನನ್ನ ಪರಿಚಯ ಸ್ವಲ್ಪ. 47 ವರ್ಷ. ಅಮ್ಮತ್ತಿ ಹತ್ತಿರ ರೋಬಸ್ಟಾ, ಕರಿಮೆಣಸು. ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಈಜು ಕಲಿತವಳು. ಗೋವಾ ಮುಗಿಸಿದ್ದೇನೆ. ಟೈಮ್ ಕೇಳಬೇಡಿ, ಕಟ್‌ಆಫ್ ಒಳಗೆ. ಹಾಗಾಗಿ ಇದು ವೇಗದವರ ಸಲಹೆ ಅಲ್ಲ. ತೋಟ, ಮನೆ, ರೇಸ್ ಮೂರನ್ನೂ ಬಿಡಲಾಗದವರ ಸಲಹೆ ಅಂತ ಓದಿಕೊಳ್ಳಿ.

ಕೋಚ್‌ಗಳು ಬಳಸುವ ಒಂದು ಸುಲಭದ ಲೆಕ್ಕ ಇದೆ. ವಾಚ್ ಬೇಡ, ಡೈರಿ ಸಾಕು. ಕೆಲಸ ಮುಗಿದ ಅರ್ಧ ಗಂಟೆಯ ಮೇಲೆ ಕೂತು, ಎಷ್ಟು ಕಷ್ಟವಾಯಿತು ಅಂತ 0ಯಿಂದ 10ರೊಳಗೆ ಒಂದು ಅಂಕಿ ಕೊಡಿ. ಅದನ್ನು ನಿಮಿಷದಿಂದ ಗುಣಿಸಿ. ಒಂದು ಗಂಟೆ ಆರಾಮ ಓಟಕ್ಕೆ 4 ಕೊಟ್ಟರೆ 240. ಭಾನುವಾರ ಮೂರು ಗಂಟೆ ಸೈಕಲ್‌ಗೆ 5 ಕೊಟ್ಟರೆ 900. ಈಗ ಶನಿವಾರ ತಗೊಳ್ಳಿ. ಬೆಳಿಗ್ಗೆ ಎಂಟರಿಂದ ಒಂದರ ತನಕ ಇಳಿಜಾರಿನಲ್ಲಿ ಗೊಬ್ಬರದ ಬುಟ್ಟಿ. ಕಡಿಮೆ ಅಂದರೂ 5 ಕೊಡುತ್ತೀರಿ. 300 ನಿಮಿಷ, 1,500. ನಿಮ್ಮ ವಾರದ ಅತಿ ದೊಡ್ಡ ವರ್ಕೌಟ್ ಅದು. ಪ್ಲಾನ್‌ನಲ್ಲಿ ಆ ಚೌಕ ಖಾಲಿ ಇದೆ.

ವಾಚ್ ಕಟ್ಟಿಕೊಂಡು ಹೋದರೂ ಪೂರ್ತಿ ಲೆಕ್ಕ ಸಿಗುವುದಿಲ್ಲ. ಅದು ನೋಡುವುದು ನಾಡಿ. ಬುಟ್ಟಿ ಹಿಡಿದು ಇಳಿಯುವಾಗ ನಾಡಿ ಹೆಚ್ಚು ಏರುವುದಿಲ್ಲ, ಆದರೆ ತೊಡೆ, ಮೀನಖಂಡ ಎರಡೂ ಭಾರ ಹೊತ್ತುಕೊಂಡೇ ಉದ್ದವಾಗುತ್ತಾ ಬ್ರೇಕ್ ಹಿಡಿಯುತ್ತಿರುತ್ತವೆ. ಸ್ನಾಯುವಿಗೆ ಜಾಸ್ತಿ ಪೆಟ್ಟು ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. ಆ ನೋವು ಅದೇ ದಿನ ಕಾಣುವುದೂ ಇಲ್ಲ. ಒಂದು ದಿನ ಬಿಟ್ಟು, ಎರಡು ದಿನ ಬಿಟ್ಟು ಜೋರಾಗುತ್ತದೆ. ಅಂದರೆ ಶನಿವಾರದ್ದು ಸೋಮವಾರಕ್ಕೆ. ಸೋಮವಾರ ನೀವೇನು ಮಾಡುತ್ತಿದ್ದೀರಿ? ಸ್ಪೀಡ್ ಓಟ. ಅದೂ ಸುಂಟಿಕೊಪ್ಪದಲ್ಲಿ, ಮನೆ ಗೇಟ್ ದಾಟಿದರೆ ಏರು ಇಲ್ಲವೇ ಇಳಿತ.

ನಾಡಿ 52ರಿಂದ 60ಕ್ಕೆ ಹೋಗಿ ಅಲ್ಲೇ ನಿಂತಿದೆ, ಆರಾಮ ಓಟವೂ ಕಷ್ಟ ಅಂದರೆ ದೇಹ ಸಾಕು ಅನ್ನುತ್ತಿದೆ. ಮೊದಲು ಒಂದು ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ನಾಡಿ ಆಗಲೂ ಇಳಿಯದಿದ್ದರೆ ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲ, ಜ್ವರದ ಕಾಲ. ಎಲ್ಲದಕ್ಕೂ ಟ್ರೇನಿಂಗೇ ಕಾರಣ ಅಂದುಕೊಳ್ಳಬಾರದು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಲಿ, ಕಬ್ಬಿಣದ ದಾಸ್ತಾನು ಅದರಲ್ಲಿ ಗೊತ್ತಾಗುತ್ತದೆ. ಅಂದ ಹಾಗೆ ಊಟದ ಜೊತೆಗೇ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಬಿಡಿ. ಕಾಫಿ, ಟೀ ಎರಡೂ ಊಟದ ಕಬ್ಬಿಣ ಹೀರುವುದಕ್ಕೆ ಅಡ್ಡ ಬರುತ್ತವೆ. ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಕಾಫಿ ಬೆಳೆಯುವವಳೇ ಹೀಗೆ ಹೇಳುತ್ತಿದ್ದೇನೆ, ಕಾಫಿ ಮಂಡಳಿಯವರಿಗೆ ತಿಳಿಸಬೇಡಿ.

ಆಮೇಲೆ ವಾರವನ್ನು ತಿರುಗಿಸಿ ಹಾಕಿ. ಶನಿವಾರ ತೋಟ, ಅದನ್ನೇ ಶಕ್ತಿ ವ್ಯಾಯಾಮ ಅಂತ ಬರೆದುಕೊಳ್ಳಿ, ಜಿಮ್ ಬೇಡ. ಭಾನುವಾರ ಈಜು ಮಾತ್ರ, ಕಾಲಿಗೆ ಭಾರ ಬೀಳದ ಕೆಲಸ ಅದೊಂದೇ. ಸೋಮವಾರ ಪೂರ್ತಿ ರಜೆ. ನಿಜವಾದ ರಜೆ, ಟೆರೇಸ್ ತೊಳೆಯುವ ರಜೆ ಅಲ್ಲ. ಮಂಗಳವಾರ ಟ್ರೇನರ್ ಮೇಲೆ ಸ್ವಲ್ಪ ಜೋರು. ಬುಧವಾರ ಸಮತಟ್ಟಿನಲ್ಲಿ ಆರಾಮ ಓಟ. ನಿಮಗೆ ಕುಶಾಲನಗರ ಹತ್ತಿರ, ಗಾಡಿಯಲ್ಲಿ ಅಲ್ಲಿ ತನಕ ಹೋಗಿ ಓಡಿ. ಗುರುವಾರ ಉದ್ದ ಸೈಕಲ್, ಇಳಿದು ಹದಿನೈದು ನಿಮಿಷ ಓಟ. ಶುಕ್ರವಾರ ಮತ್ತೆ ಆರಾಮ. ಉದ್ದ ಸೈಕಲ್ ಭಾನುವಾರವೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ಗುರುವಾರ ಬೆಳಿಗ್ಗೆ ಎರಡೂವರೆ ಗಂಟೆ ಹೊಂದಿಸುವುದು ಕಷ್ಟ ಆಗಲಾರದು.

ಗೋವಾ ರೇಸ್ ನಮ್ಮ ಕೊಡಗಿನವರಿಗೆ ಒಂದು ಲೆಕ್ಕದಲ್ಲಿ ಒಳ್ಳೆಯದು, ಒಂದು ಲೆಕ್ಕದಲ್ಲಿ ಕೆಟ್ಟದು. ಒಳ್ಳೆಯದು ಯಾಕೆಂದರೆ ಕಾಫಿ ಕುಯ್ಲು ಜೋರಾಗುವ ಮೊದಲೇ ಮುಗಿಯುತ್ತದೆ. ಅರೇಬಿಕಾ ನವೆಂಬರ್ ಕೊನೆಗೆ ಹಣ್ಣಾಗುತ್ತದೆ, ನಮ್ಮ ರೋಬಸ್ಟಾ ಜನವರಿ. ಫೆಬ್ರವರಿಯ ರೇಸ್‌ಗಳಿಗೆ ನಾನು ಹೆಸರೇ ಕೊಡುವುದಿಲ್ಲ. ಆಗ ದಿನವಿಡೀ ಕಣ, ತೂಕ, ಆಳುಗಳ ಲೆಕ್ಕ. ಅದು ಮುಗಿಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೋ ಇಲ್ಲವೋ ಅಂತ ಆಕಾಶ ನೋಡುವುದು, ಬರದಿದ್ದರೆ ರಾತ್ರಿ ಎದ್ದು ಸ್ಪ್ರಿಂಕ್ಲರ್ ಪೈಪ್ ಬದಲಿಸುವುದು. ಕೆಟ್ಟದು ಯಾಕೆಂದರೆ ಗೋವಾಕ್ಕೆ ಬೇಕಾದ ಅಡಿಪಾಯ ಹಾಕುವ ಜೂನ್, ಜುಲೈ, ಆಗಸ್ಟ್ ಪೂರಾ ಮಳೆ. ಪ್ಲಾನ್ ಬರೆದವರು ಎಲ್ಲಿ ಕೂತು ಬರೆದರೋ, ಜಡಿಮಳೆಯ ಕಕ್ಕಡ ತಿಂಗಳು ಅವರು ನೋಡಿರಲಾರರು.

ಅದಕ್ಕೆ ನಾನು ಜೂನ್‌ನಿಂದ ಸೆಪ್ಟೆಂಬರ್ ಮೊದಲಿನ ಕೈಲ್ ಪೊಳ್ದ್ ಹಬ್ಬದ ತನಕ ರಸ್ತೆಯ ಆಸೆ ಬಿಡುತ್ತೇನೆ. ಟ್ರೇನರ್ ಇರುವುದು ಕಾಫಿ ಗೋದಾಮಿನಲ್ಲಿ. ಈ ತಿಂಗಳುಗಳಲ್ಲಿ ಗೋದಾಮು ಹೇಗೂ ಖಾಲಿ. ಒಂದು ಮೂಲೆಯಲ್ಲಿ ಮಡಚಿಟ್ಟ ಗೋಣಿಚೀಲ, ಇನ್ನೊಂದು ಮೂಲೆಯಲ್ಲಿ ಬೆಲೆ ಏರಲಿ ಅಂತ ಉಳಿಸಿಕೊಂಡ ನಾಲ್ಕು ಮೂಟೆ ಮೆಣಸು, ನಡುವೆ ನಾನು. ಸಿಮೆಂಟ್ ನೆಲ ಮಳೆಗಾಲದಲ್ಲಿ ತಾನೇ ಬೆವರುತ್ತದೆ, ಅದರ ಮೇಲೆ ನನ್ನ ಬೆವರು, ಹಿಂದಿನ ಟಯರ್ ಸವೆದು ಬಿದ್ದ ಕಪ್ಪು ಪುಡಿ. ತಗಡಿನ ಮೇಲೆ ಮಳೆ ಎಷ್ಟು ಜೋರೆಂದರೆ ಹೆಡ್‌ಫೋನ್ ಹಾಕಿದರೂ ಹಾಡು ಕೇಳಿಸುವುದಿಲ್ಲ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಒಂದು ದಿನ ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿ, 'ಇಷ್ಟು ತುಳಿದಿದ್ದರೆ ಮೇಡಂ ಇಷ್ಟೊತ್ತಿಗೆ ಗೋಣಿಕೊಪ್ಪ ಮುಟ್ಟುತ್ತಿದ್ದರು' ಅಂದರು. ಮುಟ್ಟುತ್ತಿದ್ದೆ, ಪಾಚಿಯಲ್ಲಿ ಜಾರಿ ಬೀಳದಿದ್ದರೆ.

ರಸ್ತೆಗೆ ಹೋಗಲೇಬೇಕು ಅಂದರೆ ಬ್ರೇಕ್ ಪ್ಯಾಡ್ ನೋಡಿಕೊಳ್ಳಿ. ರಿಮ್ ಬ್ರೇಕ್ ಆದರೆ ಮಳೆಯಲ್ಲಿ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ, ಕುಶಾಲನಗರ ಸುಮಾರು 830. ಆ 300 ಮೀಟರ್ ಇಳಿತದಲ್ಲಿ ಸಿಲ್ವರ್ ಓಕ್ ಎಲೆ, ಮಂಜು, ಎದುರಿಗೆ ಬಸ್. ನನ್ನ ಮಟ್ಟಿಗೆ ಆಗಸ್ಟ್‌ನಲ್ಲಿ ಅದು ಬೇಡದ ಕೆಲಸ. ನಮ್ಮ ಕಡೆ, ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ, ಆನೆಯೂ ಇದೆ. ನಸುಕಿನಲ್ಲಿ ಸೈಕಲ್ ಬೇಡವೇ ಬೇಡ. ಏಳು ಗಂಟೆಗೆ ಮೊದಲು ನಾನು ಗೇಟ್ ದಾಟುವುದಿಲ್ಲ, ಅದೂ ಊರಿನ ಗುಂಪಿನಲ್ಲಿ ಆನೆ ಸುದ್ದಿ ನೋಡಿಕೊಂಡ ಮೇಲೆ. ಕಾಫಿ ಗಿಡದ ಮರೆಯಲ್ಲಿ ನಿಂತ ಆನೆ ಹತ್ತು ಅಡಿ ದೂರದಿಂದಲೂ ಕಾಣುವುದಿಲ್ಲ, ಸೈಕಲ್‌ಗೆ ಸದ್ದೂ ಇಲ್ಲ.

ಕೆರೆ ವಿಷಯ. ಈಗ ಬೇಡ. ಮಳೆಗಾಲದ ಕೆರೆಗೆ ಸುತ್ತಲಿನ ಎಲ್ಲಾ ನೀರು ಬರುತ್ತದೆ, ಇಲಿ ಮೂತ್ರ ಸೇರಿ. ಇಲಿಜ್ವರ ಬರುವುದು ಗಾಯದ ಮೂಲಕ, ಕಣ್ಣು ಬಾಯಿಯ ಮೂಲಕ. ನೀವು ಶನಿವಾರ ತೋಟದಲ್ಲಿ ಇದ್ದವರು, ಕಾಲಿನಲ್ಲಿ ಜಿಗಣೆ ಕಚ್ಚಿದ ಗಾಯ ಇದ್ದೇ ಇರುತ್ತದೆ. ಅದು ಎಷ್ಟು ಹೊತ್ತು ಒಸರುತ್ತದೆ ಅಂತ ಗೊತ್ತಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಬಿಟ್ಟು ಹೋಗಿರುತ್ತದೆ. ಅಂಥ ಕಾಲು ಇಟ್ಟುಕೊಂಡು ಕೆಂಪು ನೀರಿಗೆ ಇಳಿಯುವುದು ಬೇಡ. ಜೊತೆಗೆ ಕೋಡಿ ಹರಿಯುವಾಗ ಸೆಳೆತ ಇರುತ್ತದೆ, ದಡ ಜಾರುತ್ತದೆ, ಕೆಳಗೆ ಹೂಳು.

ಅಕ್ಟೋಬರ್‌ನಲ್ಲಿ ನೀರು ತಿಳಿಯಾದ ಮೇಲೆ ನಾನು ನಮ್ಮ ಕೆರೆಗೆ ಇಳಿಯುತ್ತೇನೆ. ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿ ಬಲೂನು, ದಡದಲ್ಲಿ ಹಗ್ಗ ಮತ್ತು ಟ್ಯೂಬ್ ಹಿಡಿದು ಈಜು ಬಲ್ಲ ಒಬ್ಬರು. ಒಬ್ಬಳೇ ಎಂದೂ ಇಲ್ಲ. ಅಲ್ಲಿ ಅಭ್ಯಾಸ ಮಾಡುವುದು ಒಂದೇ, ಆರೇಳು ಕೈಗೊಮ್ಮೆ ತಲೆ ಎತ್ತಿ ಎದುರಿನ ಬಳಂಜಿ ಮರ ನೋಡಿ ನೇರ ಹೋಗುವುದು. ಈಜುಕೊಳದಲ್ಲಿ ತಳದ ಗೆರೆ ನೋಡಿ ಅಭ್ಯಾಸವಾದವರು ಸಮುದ್ರದಲ್ಲಿ ಅಡ್ಡಡ್ಡ ಹೋಗಿ 1.9 ಕಿಲೋಮೀಟರನ್ನು 2.2 ಮಾಡಿಕೊಳ್ಳುತ್ತಾರೆ.

ಅಲ್ಲಿಯವರೆಗೆ ಮೈಸೂರು. ಸರಸ್ವತಿಪುರಂನಲ್ಲಿ ವಿಶ್ವವಿದ್ಯಾಲಯದ ಈಜುಕೊಳ ಇದೆ, ಸಮಯ ಮೊದಲೇ ಕೇಳಿಕೊಂಡು ಹೋಗಿ. ವಾರಕ್ಕೊಮ್ಮೆ ಸಾಲದು, ನಿಜ. ಉಳಿದ ದಿನ ಜಗಲಿ ಕಂಬಕ್ಕೆ ರಬ್ಬರ್ ಹಗ್ಗ ಕಟ್ಟಿ, ಸೊಂಟ ಬಗ್ಗಿಸಿ ನಿಂತು, ನೀರು ಎಳೆಯುವ ಹಾಗೆ ಎಳೆಯಿರಿ. ಹತ್ತು ನಿಮಿಷಕ್ಕೆ ಭುಜ ಉರಿಯುತ್ತದೆ. ಈಜು ಅದರಿಂದ ಬರುವುದಿಲ್ಲ, ಬಂದಿರುವ ಈಜು ಉಳಿಯುತ್ತದೆ.

ಲೆಕ್ಕ ಹಾಕಿ ನೋಡಿ, ಹೆದರಿಕೆ ಕಡಿಮೆಯಾಗುತ್ತದೆ. 70.3 ರೇಸ್‌ಗಳಲ್ಲಿ ಸಾಮಾನ್ಯವಾಗಿ ಈಜಿಗೆ ಕಟ್‌ಆಫ್ 1 ಗಂಟೆ 10 ನಿಮಿಷ. 100 ಮೀಟರ್‌ಗೆ 3 ನಿಮಿಷ 40 ಸೆಕೆಂಡ್ ಆಯಿತು. ಸೈಕಲ್ ಇಳಿಯಬೇಕಾದ್ದು ಶುರುವಾದ ಐದೂವರೆ ಗಂಟೆಯೊಳಗೆ. ಈಜಿಗೆ ಒಂದು ಗಂಟೆ, ಬಟ್ಟೆ ಶೂಗೆ ಹತ್ತು ನಿಮಿಷ ಹೋದರೂ ಗಂಟೆಗೆ 21 ಕಿಲೋಮೀಟರ್ ಹೋದರೆ ಸಾಕು. ಒಟ್ಟು ಎಂಟೂವರೆ ಗಂಟೆ, ಹಾಗಾಗಿ ಓಟಕ್ಕೆ ಸುಮಾರು ಮೂರು ಗಂಟೆ ಉಳಿಯುತ್ತದೆ. ನಿಮ್ಮ ವಯಸ್ಸಿಗೆ ಇದು ಕಷ್ಟದ ಅಂಕಿ ಅಲ್ಲ. ಸರಿಯಾದ ಅಂಕಿಗೆ ಆ ವರ್ಷದ ಗೈಡ್ ನೋಡಿಕೊಳ್ಳಿ.

ನಮ್ಮವರನ್ನು ಗೋವಾದಲ್ಲಿ ಕೆಡವುವುದು ದೂರ ಅಲ್ಲ, ಸೆಕೆ. ಇಲ್ಲಿ ಸ್ವೆಟರ್ ಹಾಕಿಕೊಂಡು ಟ್ರೇನಿಂಗ್ ಮಾಡಿ ಅಲ್ಲಿ ಮಿರಾಮಾರ್ ಬೀಚ್‌ನಲ್ಲಿ ಇಳಿದರೆ ದೇಹಕ್ಕೆ ಏನೂ ಅರ್ಥವಾಗುವುದಿಲ್ಲ. ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಕ್ಟೋಬರ್ ಕೊನೆಯಲ್ಲಿ ನಾನು ಗೋದಾಮಿನ ಬಾಗಿಲು ಹಾಕಿ, ಫ್ಯಾನ್ ಇಲ್ಲದೆ, ಜರ್ಕಿನ್ ಹಾಕಿಕೊಂಡು ಮುಕ್ಕಾಲು ಗಂಟೆ ಆರಾಮವಾಗಿ ತುಳಿಯುತ್ತೇನೆ. ಮನೆಯಲ್ಲಿ ಯಾರಾದರೂ ಇರುವಾಗ ಮಾತ್ರ ಮಾಡಿ, ತಲೆ ತಿರುಗಿದರೆ ಇಳಿಯಿರಿ. ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದರೆ ಒಂದು ಲೀಟರ್ ಬೆವರು ಹೋಗಿದೆ ಅಂತ ಲೆಕ್ಕ. ರೇಸ್ ದಿನ ಎಷ್ಟು ಕುಡಿಯಬೇಕು ಅಂತ ಆಗ ಅಂದಾಜು ಸಿಗುತ್ತದೆ. ಬರೀ ನೀರು ಕುಡಿಯುತ್ತಾ ಹೋಗಬೇಡಿ, ರಕ್ತದ ಉಪ್ಪು ಇಳಿದರೆ ಅದು ಬಾಯಾರಿಕೆಗಿಂತ ಅಪಾಯ. ಕಾಲು ಚಮಚ ಉಪ್ಪಿನಲ್ಲಿ ಸುಮಾರು 600 ಮಿಲಿಗ್ರಾಂ ಸೋಡಿಯಂ ಇರುತ್ತದೆ. ರೇಸ್‌ನಲ್ಲಿ ಶಕ್ತಿಗೆ ತಿನ್ನುವ ಸಕ್ಕರೆ ಜೆಲ್ ನನಗೆ ಆಗುವುದಿಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ 17 ಗ್ರಾಂ ಸಕ್ಕರೆ ಇರುತ್ತದೆ, ಗಂಟೆಗೆ 60 ಗ್ರಾಂ ಬೇಕು. ಜೇನು, ನಿಂಬೆ, ಉಪ್ಪು ಬಾಟಲಿಯಲ್ಲಿ, ಜೊತೆಗೆ ಬಾಳೆಹಣ್ಣು. ಹಿಂದಿನ ರಾತ್ರಿ ಅಕ್ಕಿಯ ಕಡಂಬಿಟ್ಟು ಸರಿ, ಪಂದಿಕರಿ ಮರುದಿನಕ್ಕೆ ಇಡಿ.

ಫಿಸಿಯೋ ಮಡಿಕೇರಿ

ಅಕ್ಕ ಬಹುತೇಕ ಎಲ್ಲಾ ಹೇಳಿದ್ದಾರೆ. ಮೀನಖಂಡದ ಬಗ್ಗೆ ಮಾತ್ರ ಸೇರಿಸುತ್ತೇನೆ. ಕಣ್ಣಾರೆ ನೋಡದೆ ಹೇಳುವುದಕ್ಕೆ ಮಿತಿ ಇದೆ.

ಮೊದಲು ಒಂದು ಪ್ರಶ್ನೆ. ತೋಟದಲ್ಲಿ ಗಮ್‌ಬೂಟ್ ಹಾಕುತ್ತೀರಾ? ಮಳೆಗಾಲದಲ್ಲಿ ನನ್ನ ಹತ್ತಿರ ಮೀನಖಂಡ, ಹಿಮ್ಮಡಿ ಅಂತ ಬರುವವರಲ್ಲಿ ಓಟಗಾರರಿಗಿಂತ ಗಮ್‌ಬೂಟಿನವರು ಜಾಸ್ತಿ. ಬೂಟು ಸಡಿಲ ಇರುತ್ತದೆ. ಇಳಿಜಾರಿನಲ್ಲಿ ಪಾದ ಒಳಗೇ ಜಾರುತ್ತದೆ. ಅದನ್ನು ತಡೆಯಲು ಬೆರಳು ಮಡಚಿ ಹಿಡಿಯುತ್ತೀರಿ, ಗೊತ್ತಾಗದ ಹಾಗೆ, ಗಂಟೆಗಟ್ಟಲೆ. ಬಿಗಿಯಾಗುವುದು ಮೀನಖಂಡ. ಅರ್ಧ ಸೈಜ್ ಚಿಕ್ಕ ಬೂಟು ನೋಡಿ, ಇಲ್ಲದಿದ್ದರೆ ಒಳಗೆ ಒಳ್ಳೆಯ ಇನ್‌ಸೋಲ್, ದಪ್ಪ ಕಾಲುಚೀಲ.

ಗೋಡೆ ಹಿಡಿದು ಬಲಗಾಲಿನ ಮೇಲೆ ಮಾತ್ರ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಎಡಗಾಲಿನಲ್ಲಿ 25 ಆಗಿ ಬಲಗಾಲಿನಲ್ಲಿ 12ಕ್ಕೆ ನಿಂತರೆ, ಬಿಗಿತ ಅಂತ ನೀವು ಅಂದುಕೊಂಡದ್ದು ನಿಜವಾಗಿ ಶಕ್ತಿ ಸಾಲದಿರುವುದು. ಎಳೆದು ಎಳೆದು ಸ್ಟ್ರೆಚ್ ಮಾಡಿ ಪ್ರಯೋಜನ ಇಲ್ಲ. ಮೆಟ್ಟಿಲ ಅಂಚಿನಲ್ಲಿ ನಿಧಾನವಾಗಿ ಇಳಿಸುವ ವ್ಯಾಯಾಮ ಮಾಡಿ, 15ರಂತೆ ಮೂರು ಸಲ, ಒಂದು ದಿನ ಬಿಟ್ಟು ಒಂದು ದಿನ. ಮಂಡಿ ನೇರ ಇಟ್ಟು ಒಮ್ಮೆ, ಮಂಡಿ ಬಗ್ಗಿಸಿ ಒಮ್ಮೆ. ಮಂಡಿ ಬಗ್ಗಿಸಿದಾಗ ಒಳಗಿನ ಸ್ನಾಯುವಿಗೆ ಕೆಲಸ ಬೀಳುತ್ತದೆ, ದೂರದ ಓಟದಲ್ಲಿ ದುಡಿಯುವುದು ಅದೇ. ಎಲ್ಲರೂ ಬಿಡುವುದೂ ಅದನ್ನೇ.

ನೋವು ಮಾಂಸದಲ್ಲಿ ಅಲ್ಲದೆ ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಒಂದೇ ಬಿಂದುವಿನಲ್ಲಿ ಇದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಲು ಆಗದಿದ್ದರೆ ಓಟ ಪೂರ್ತಿ ನಿಲ್ಲಿಸಿ. ಎಲುಬು ಬಿರುಕು ಬಿಟ್ಟಿರಬಹುದು. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಅದು ಫಿಸಿಯೋ ಕೆಲಸ ಅಲ್ಲ.

ತೋಟಪೆಡಲ್, ಸುಂಟಿಕೊಪ್ಪ ಕಡೆ

ಗಮ್‌ಬೂಟ್ ಅಪ್ಪನದ್ದು. ಒಂದು ಸೈಜ್ ದೊಡ್ಡದು. ಇನ್ನು ನಾನೇನು ಹೇಳಲಿ.

ಡಾಕ್ಟರ್ ಸರ್, ಪರೀಕ್ಷೆ ಮಾಡಿದೆ. ಎಡ 24, ಬಲ 13. ಎಲುಬು ನೋವಿಲ್ಲ, ಊತ ಇಲ್ಲ, ಕುಪ್ಪಳಿಸಲು ಆಗುತ್ತದೆ.

ಅಕ್ಕ, ನಿಮ್ಮ ಲೆಕ್ಕ ಹಾಕಿದೆ. ಕಳೆದ ವಾರ ಶನಿವಾರದ್ದೇ 1,680 ಬಂತು, ಉಳಿದ ಇಡೀ ವಾರ ಸೇರಿ 2,100. ನೋಡಿ ನಗು ಬಂತು. ಊಟದ ಹೊತ್ತಿಗೆ ಅಪ್ಪನಿಗೂ ತೋರಿಸಿದೆ. ಈ ವಾರ ಸ್ವಲ್ಪ ಕಡಿಮೆ ಮಾಡಲಾ ಅಂತ ಕೇಳಿದ್ದಕ್ಕೆ, 'ಓಡುವುದಕ್ಕೆ ಶಕ್ತಿ ಇದೆ, ಮೂಟೆ ಎತ್ತುವುದಕ್ಕೆ ಇಲ್ವಾ?' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಳೆ ಬಿಡುವು ಕೊಟ್ಟಾಗಲೇ ಗೊಬ್ಬರ ಹಾಕಬೇಕು, ಅದು ನನಗೂ ಗೊತ್ತು. ಹೇಗೆ ಒಪ್ಪಿಸಲಿ?

ಇನ್ನೊಂದು, ರೇಸ್ ಆದ ಮೇಲೆ ಎಷ್ಟು ದಿನ ಬಿಡಬೇಕು? ನಮ್ಮದು ಅರ್ಧ ಅರೇಬಿಕಾ, ನವೆಂಬರ್ ಕೊನೆಗೆ ಕುಯ್ಲು ಶುರು.

ಸ್ಟಿಕ್‌ವರ್ಕ್, ಪೊನ್ನಂಪೇಟೆ

ಅಪ್ಪನಿಗೇ ಗೋವಾಕ್ಕೆ ಹೆಸರು ಕೊಡಿ. ಟ್ರೇನಿಂಗ್ ಆಗಿಬಿಟ್ಟಿದೆ.

ಅಮ್ಮತ್ತಿಯವಳು

ಸ್ಟಿಕ್‌ವರ್ಕ್ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಅಪ್ಪನನ್ನು ಒಪ್ಪಿಸಲು ಹೋಗಬೇಡಿ. ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ನಾಲ್ಕು ತಿಂಗಳ ಒಂದು ಹವ್ಯಾಸಕ್ಕೆ ವರ್ಷದ ಬೆಳೆ ಕಾಯುವುದಿಲ್ಲ. ತೋಟದ ಕೆಲಸ ಕಡಿಮೆ ಮಾಡಿ ಅಂತ ನಾನು ಹೇಳಿಲ್ಲ, ಲೆಕ್ಕಕ್ಕೆ ಹಿಡಿಯಿರಿ ಅಂದೆ. ಕಡಿಮೆ ಮಾಡಬೇಕಾದದ್ದು ಪ್ಲಾನ್‌ನಲ್ಲಿ. ಗೊಬ್ಬರದ ವಾರ ಅಂದರೆ ಆ ವಾರ ಸ್ಪೀಡ್ ಓಟ ಇಲ್ಲ, ಅಷ್ಟೇ. ಒಂದು ಮಾತು ಕೇಳಿ ನೋಡಬಹುದು. ಶನಿವಾರ ಐದು ಗಂಟೆ ಒಟ್ಟಿಗೆ ಮಾಡುವ ಬದಲು ಎರಡೂವರೆ ಗಂಟೆ ಶನಿವಾರ, ಎರಡೂವರೆ ಬುಧವಾರ ಬೆಳಿಗ್ಗೆ ಅಂತ. ಕೆಲಸ ಅಷ್ಟೇ ಆಗುತ್ತದೆ, ಬುಧವಾರದ ಓಟ ಹೋಗುತ್ತದೆ, ಹೋಗಲಿ. ಮೂಟೆಯನ್ನು ತೋಟದ ಮೇಲಿನ ದಾರಿಯ ತನಕ ಜೀಪಿನಲ್ಲಿ ಒಯ್ದು, ಖಾಲಿ ಕೈಯಲ್ಲಿ ಹತ್ತಿ ಬನ್ನಿ. ತುಂಬಿದ ಬುಟ್ಟಿ ಹಿಡಿದು ಒಂದೇ ಸಮನೆ ಇಳಿಯುವ ಬದಲು ಅಡ್ಡಕ್ಕೆ ಸಾಲು ಹಿಡಿದು ಹೋಗಿ. ಅಪ್ಪ ಹಾಗೇ ಮಾಡುತ್ತಿರುತ್ತಾರೆ, ಗಮನಿಸಿ ನೋಡಿ. ನನ್ನ ಮಾವ 72ನೇ ವಯಸ್ಸಿನಲ್ಲೂ ನೇರ ಇಳಿದದ್ದನ್ನು ನಾನು ನೋಡಿಲ್ಲ.

ರೇಸ್ ಆದ ಮೇಲೆ ಮೊದಲ ವಾರ ನಡಿಗೆ ಬಿಟ್ಟು ಬೇರೇನೂ ಬೇಡ. ಎರಡನೇ ವಾರ ಮನಸ್ಸಾದರೆ ಸೈಕಲ್, ವಾಚ್ ಇಲ್ಲದೆ. ನೋವು ನಾಲ್ಕೈದು ದಿನಕ್ಕೆ ಹೋಗುತ್ತದೆ, ಒಳಗಿನ ದಣಿವು ಹೋಗುವುದಿಲ್ಲ. ನೆಗಡಿ, ಜ್ವರ ಬರುವುದು ಆ ದಿನಗಳಲ್ಲೇ. ಆಮೇಲೆ ಕುಯ್ಲು ಹೇಗೂ ಬರುತ್ತದೆ. ಕುಯ್ಲಿನ ತಿಂಗಳುಗಳಲ್ಲಿ ನಾನು ಪ್ಲಾನ್ ಇಟ್ಟುಕೊಳ್ಳುವುದೇ ಇಲ್ಲ. ವಾರಕ್ಕೆ ಎರಡು ಸಲ ಅರ್ಧ ಗಂಟೆ ಓಡಿದರೆ ಅದೇ ದೊಡ್ಡದು. ಪುತ್ತರಿ ಹಬ್ಬದ ಊಟ ಬಿಡುವುದಿಲ್ಲ, ಮಾರ್ಚ್‌ನಲ್ಲಿ ಎರಡು ಕಿಲೋ ಜಾಸ್ತಿ ಇರುತ್ತೇನೆ, ಅದರ ಬಗ್ಗೆ ಬೇಸರವೂ ಇಲ್ಲ. ಇಡೀ ವರ್ಷ ಒಂದೇ ತೂಕ, ಒಂದೇ ವೇಗ ಇರಬೇಕು ಅನ್ನುವವರು ಬೇಗ ಬಿಟ್ಟುಹೋಗುತ್ತಾರೆ. ನಾನು ನೋಡಿದ ಮಟ್ಟಿಗೆ.

ಸೆಪ್ಟೆಂಬರ್‌ನಿಂದ ಭಾನುವಾರ ನಾನು ಮೈಸೂರಿಗೆ ಈಜಲು ಹೋಗುತ್ತೇನೆ. ತಿತಿಮತಿ ಮೇಲೆ ಬರುವವಳು, ನೀವು ಪಿರಿಯಾಪಟ್ಟಣ ಮೇಲೆ ಬರುತ್ತೀರಿ. ಹುಣಸೂರಿನಲ್ಲಿ ಸೇರಿ ಒಂದೇ ಗಾಡಿಯಲ್ಲಿ ಹೋಗಬಹುದು, ಪೆಟ್ರೋಲ್ ಅರ್ಧ ಉಳಿಯುತ್ತದೆ. ಮೆಸೇಜ್ ಮಾಡಿ. ಈಜು ಟೋಪಿ, ಬಿಗಿ ಚಡ್ಡಿ ಮರೆಯಬೇಡಿ, ಬರ್ಮುಡಾ ಹಾಕಿಕೊಂಡು ಬಂದರೆ ನೀರಿಗೆ ಬಿಡುವುದಿಲ್ಲ.